ಕಥೆ, ಹಾಡು ಮತ್ತು ಕೇರಿಯ ಮಕ್ಕಳು: ಸಂಡೇ ಸ್ಕೂಲಿನ ಒಂದು ಮರುಓದು

1

ಕನ್ನಡದಲ್ಲಿ ಮಿಷನರಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೂರು ಸಂಗತಿ ಹೇಳಿ ಮುಗಿಸಿಬಿಡುತ್ತಾರೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ, 1843ರ ‘ಮಂಗಳೂರು ಸಮಾಚಾರ’, 1894ರ ಕಿಟೆಲ್ ನಿಘಂಟು. ಎಂ.ಎ. ತರಗತಿಯಲ್ಲಿ ನಾನು ಓದಿದ್ದೂ ಇದನ್ನೇ, ಈಗ ಪಾಠ ಮಾಡುತ್ತಿರುವುದೂ ಇದನ್ನೇ. ಇವು ದೊಡ್ಡ ಕೆಲಸಗಳೇ, ಅನುಮಾನವಿಲ್ಲ. ಆದರೆ ಇವೆಲ್ಲ ಅಕ್ಷರದ ಚರಿತ್ರೆ. ಅಚ್ಚಿನ ಮೊಳೆ, ಕಾಗದ, ವ್ಯಾಕರಣ, ಪದಕೋಶ ಇವುಗಳ ಸುತ್ತ ಕಟ್ಟಿದ್ದು. ಇದೇ ಮಿಷನ್ನುಗಳ ನೆರಳಿಗೆ ಬಂದ ಹೊಲೆಯ, ಮಾದಿಗ, ಪರಯ, ಪುಲಯ, ಮಾಲ, ಮಹಾರ ಕೇರಿಗಳ ಜನ ಮಾತ್ರ ಅಕ್ಷರದಿಂದಲೇ ದೂರ ಇಡಲ್ಪಟ್ಟಿದ್ದವರು. ಅವರಿಗೆ ಮೊದಲು ತಲುಪಿದ್ದು ಪುಸ್ತಕ ಅಲ್ಲ. ಕಿವಿಗೆ ಬಿದ್ದ ಒಂದು ಕಥೆ, ಬಾಯಿಗೆ ಬಂದ ಒಂದು ಹಾಡು.

ಈ ಕಥೆ ಹಾಡುಗಳನ್ನು ಮಕ್ಕಳಿಗೆ ಕಲಿಸುತ್ತಿದ್ದ ಜಾಗಕ್ಕೆ ಸಂಡೇ ಸ್ಕೂಲ್ ಅಂತ ಹೆಸರು. ಭಾನುವಾರ ಆರಾಧನೆಗೆ ಮೊದಲೋ ಆಮೇಲೋ ಒಂದು ಗಂಟೆ, ಚಾಪೆ ಮೇಲೆ ಕೂತ ಹತ್ತಿಪ್ಪತ್ತು ಮಕ್ಕಳು, ಎದುರಿಗೆ ಒಬ್ಬ ಟೀಚರಮ್ಮ. ನೋಡಿದರೆ ಬಹಳ ಸಣ್ಣ ವಿಷಯ. ನಮ್ಮ ದಲಿತ ವಿಮರ್ಶೆ ಕಾವ್ಯ, ಕಾದಂಬರಿ, ಆತ್ಮಕಥೆಗಳನ್ನು ನೋಡಿದಷ್ಟು ಗಂಭೀರವಾಗಿ ಇದನ್ನು ನೋಡಿಲ್ಲ. ನೋಡಬೇಕು ಅನ್ನುವುದು ನನ್ನ ವಾದ. ಮನುಷ್ಯನೊಬ್ಬ ತನ್ನನ್ನು ತಾನು ಯಾರೆಂದು ತಿಳಿಯುತ್ತಾನೆ ಎಂಬುದು ಇಪ್ಪತ್ತನೇ ವಯಸ್ಸಿನಲ್ಲಿ ಓದಿದ ಪುಸ್ತಕಕ್ಕಿಂತ ಐದನೇ ವಯಸ್ಸಿನಲ್ಲಿ ಬಾಯಿಪಾಠವಾದ ಹಾಡಿನಿಂದ ಹೆಚ್ಚು ತೀರ್ಮಾನವಾಗಿರುತ್ತದೆ. ಆ ಹಾಡನ್ನು ಯಾರು ಕಟ್ಟಿದರು, ಯಾವ ಧಾಟಿಯಲ್ಲಿ ಕಟ್ಟಿದರು, ಅದು ಮಗುವಿನ ಬೆನ್ನು ಬಗ್ಗಿಸಿತೋ ನೆಟ್ಟಗೆ ಮಾಡಿತೋ ಎಂಬ ಪ್ರಶ್ನೆಗಳು ಸಾಹಿತ್ಯ ವಿಮರ್ಶೆಯ ಪ್ರಶ್ನೆಗಳೂ ಹೌದು, ರಾಜಕೀಯ ಪ್ರಶ್ನೆಗಳೂ ಹೌದು.

2

ಸಂಡೇ ಸ್ಕೂಲಿನ ಮೂಲ ಹುಡುಕಿದರೆ ಇಂಗ್ಲೆಂಡಿನ ಗ್ಲಾಸ್ಟರ್ ಊರಿಗೆ ಹೋಗಬೇಕಾಗುತ್ತದೆ. 1780ರಲ್ಲಿ ಅಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೈಕ್ಸ್ ಬಡ ಮಕ್ಕಳಿಗಾಗಿ ಭಾನುವಾರದ ಶಾಲೆ ಶುರುಮಾಡಿದ. ಆ ಊರು ಗುಂಡುಸೂಜಿ ತಯಾರಿಕೆಗೆ ಹೆಸರಾದದ್ದು. ವಾರವಿಡೀ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಒಂದೇ. ಅಂದರೆ ಈ ಶಾಲೆ ಹುಟ್ಟಿದ್ದೇ ಕೂಲಿ ಮಕ್ಕಳಿಗಾಗಿ. ಉಳ್ಳವರ ಮಕ್ಕಳಿಗೆ ಬೇರೆ ಶಾಲೆಗಳಿದ್ದವು.

ಆದರೆ ಕೂಲಿ ಮಕ್ಕಳಿಗೆ ಏನು ಕಲಿಸಬೇಕು ಎಂಬುದನ್ನು ತೀರ್ಮಾನಿಸಿದವರು ಉಳ್ಳವರು. 1789ರಿಂದ ಮೆಂಡಿಪ್ ಬೆಟ್ಟದ ಹಳ್ಳಿಗಳಲ್ಲಿ ಇಂಥ ಶಾಲೆಗಳನ್ನು ನಡೆಸಿದ ಹಾನಾ ಮೋರ್ ಎಂಬಾಕೆ ಮಕ್ಕಳಿಗೆ ಓದುವುದನ್ನು ಕಲಿಸಿದಳು, ಬರೆಯುವುದನ್ನು ಬೇಡ ಅಂದಳು. ಬೈಬಲ್ ಓದಲು ಓದು ಸಾಕು. ಬರೆಯುವುದು ಕಲಿತರೆ ಬಡವ ತನ್ನ ಅಂತಸ್ತು ಮೀರುತ್ತಾನೆ. ಓದುವವನು ಕೇಳಿಸಿಕೊಳ್ಳುವವನು, ಬರೆಯುವವನು ಹೇಳುವವನು. ಈ ವ್ಯತ್ಯಾಸ ಆಕೆಗೆ ಚೆನ್ನಾಗಿ ಗೊತ್ತಿತ್ತು. ಏಕಲವ್ಯನ ಕಥೆ ಗೊತ್ತಿರುವ ನಮಗೂ ಗೊತ್ತಾಗುತ್ತದೆ.

ಹಾಡಿನ ವಿಷಯವೂ ಹೀಗೇ. ಐಸಾಕ್ ವಾಟ್ಸ್ 1715ರಲ್ಲೇ ಮಕ್ಕಳಿಗಾಗಿ ಸುಲಭ ಭಾಷೆಯ ಭಕ್ತಿಗೀತೆಗಳ ಪುಸ್ತಕ ತಂದಿದ್ದ. 1848ರಲ್ಲಿ ಐರ್ಲೆಂಡಿನ ಸೆಸಿಲ್ ಫ್ರಾನ್ಸೆಸ್ ಅಲೆಕ್ಸಾಂಡರ್ ‘ಪುಟ್ಟ ಮಕ್ಕಳಿಗೆ ಗೀತೆಗಳು’ ಎಂಬರ್ಥದ ಸಂಕಲನ ಪ್ರಕಟಿಸಿದಳು. ಈ ಪುಸ್ತಕದ ರಚನೆ ಜಾಣತನದ್ದು. ಕ್ರೈಸ್ತ ವಿಶ್ವಾಸ ಪ್ರಮಾಣದ ಒಂದೊಂದು ಮಾತಿಗೂ ಒಂದೊಂದು ಹಾಡು. ಸೃಷ್ಟಿಕರ್ತ ಎಂಬ ಮಾತಿಗೆ ಹೂವು ಹಕ್ಕಿಗಳ ಹಾಡು, ಜನನಕ್ಕೆ ಬೇತ್ಲೆಹೇಮಿನ ಕೊಟ್ಟಿಗೆಯ ಹಾಡು, ಮರಣಕ್ಕೆ ಊರಾಚೆಯ ಗುಡ್ಡದ ಹಾಡು. ಸಿದ್ಧಾಂತವನ್ನು ಕಥೆ ಮಾಡಿ, ಕಥೆಯನ್ನು ಹಾಡು ಮಾಡಿದರೆ ಮಗುವಿನ ನೆನಪಿನಲ್ಲಿ ಅದು ಉಳಿಯುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಅದು ಸರಿಯಾದ ತಿಳಿವಳಿಕೆಯೇ. ಇಂದಿಗೂ ಪ್ರಪಂಚದ ಎಷ್ಟೋ ಚರ್ಚುಗಳಲ್ಲಿ ಆಕೆಯ ಹಾಡುಗಳನ್ನು ಮಕ್ಕಳು ಹಾಡುತ್ತಾರೆ.

ಆದರೆ ಆ ಸೃಷ್ಟಿಯ ಹಾಡಿನಲ್ಲಿ ಒಂದು ನುಡಿ ಇದೆ. ಸಿರಿವಂತ, ಬಡವ ಎಂಬ ಅಂತಸ್ತನ್ನೂ ದೇವರೇ ಗೊತ್ತುಮಾಡಿದ್ದಾನೆ ಎಂಬ ಅರ್ಥದ್ದು. ಹೂವಿಗೆ ಬಣ್ಣ ಕೊಟ್ಟವನೇ ಬಡವನಿಗೆ ಬಡತನ ಕೊಟ್ಟ ಅಂತ! ಇದು ಅಚ್ಚಾದ ವರ್ಷವನ್ನು ನೆನಪಿಟ್ಟುಕೊಳ್ಳಬೇಕು. 1848 ಅಂದರೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ಜನ ಸಾಯುತ್ತಿದ್ದ ಮಹಾ ಕ್ಷಾಮದ ಕಾಲ. 1906ರ ‘ಇಂಗ್ಲಿಷ್ ಹಿಮ್ನಲ್’ ಈ ನುಡಿಯನ್ನು ಕೈಬಿಟ್ಟಿತು. ಆಮೇಲೆ ಬಹಳ ಸಂಕಲನಗಳು ಅದನ್ನು ಬಿಟ್ಟವು. ಬಿಡಬೇಕಾಯಿತು ಎಂಬುದೇ ಅದು ಏನು ಹೇಳುತ್ತಿತ್ತು ಎಂಬುದಕ್ಕೆ ಸಾಕ್ಷಿ. ಪುರುಷಸೂಕ್ತದ ವರ್ಣಕಲ್ಪನೆಯನ್ನು ಟೀಕಿಸುವ ನಾವು ಈ ಹಾಡಿನ ನುಡಿಯನ್ನೂ ಅದೇ ಕಣ್ಣಿನಿಂದ ನೋಡಬೇಕು. ವ್ಯತ್ಯಾಸ ಇಷ್ಟೇ. ಸೂಕ್ತವನ್ನು ನಾವು ಕೇಳಕೂಡದು ಅಂತ ಕಿವಿ ಮುಚ್ಚಿಸಿದರು. ಈ ಹಾಡನ್ನು ಬಡವರ ಮಕ್ಕಳ ಬಾಯಲ್ಲೇ ಹಾಡಿಸಿದರು.

3

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಓದು ಅರ್ಧವಾಗುತ್ತದೆ. ಸಂಡೇ ಸ್ಕೂಲು ವಸಾಹತುಶಾಹಿಯ ಉಪಕರಣ ಅಂತ ಒಂದು ವಾಕ್ಯದಲ್ಲಿ ಮುಗಿಸುವವರಿದ್ದಾರೆ. ಅವರು ಇಲ್ಲಿನ ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನು ಕೇಳುವುದಿಲ್ಲ.

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ ಜಾತಿಯ ಹುಡುಗನೊಬ್ಬ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಹುಡುಗ ಮುಂಬಯಿ ಸರ್ಕಾರದವರೆಗೂ ಅರ್ಜಿ ಹಾಕಿದ. ತತ್ವದ ಮಟ್ಟದಲ್ಲಿ ಅವನ ಕಡೆ ನ್ಯಾಯ ಇದೆ, ಆದರೆ ಅವನೊಬ್ಬನನ್ನು ಸೇರಿಸಿದರೆ ಮಿಕ್ಕವರು ಶಾಲೆ ಬಿಡುತ್ತಾರೆ ಎಂಬ ಅರ್ಥದ ಮಾತು ಹೇಳಿ ಸರ್ಕಾರ ಕೈತೊಳೆದುಕೊಂಡಿತು. ಅಸ್ಪೃಶ್ಯರ ಶಿಕ್ಷಣದ ಚರಿತ್ರೆ ಬರೆಯುವಾಗ ಅಂಬೇಡ್ಕರ್ ಈ ಪ್ರಕರಣವನ್ನು ಎತ್ತಿ ಹೇಳಿದ್ದಾರೆ. ಕಂಪನಿ ಸರ್ಕಾರವೇ ಹೀಗಾದರೆ ಊರ ಐಗಳ ಮಠದ ಮಾತೇನು? ಆ ಧಾರವಾಡದಲ್ಲೇ 1837ರಿಂದ ಬಾಸೆಲ್ ಮಿಷನ್ ಕೆಲಸ ಮಾಡುತ್ತಿತ್ತು. ಎಲ್ಲ ಬಾಗಿಲೂ ಮುಚ್ಚಿದ್ದ ಕಾಲದಲ್ಲಿ ಚಾಪೆ ಹಾಸಿ ‘ಬಾ, ಕೂತ್ಕೋ’ ಅಂದ ಜಾಗವೊಂದಿದ್ದರೆ ಅದರ ಬೆಲೆ ಆ ಮಗುವಿಗೆ ಗೊತ್ತು. ಆ ಜಾಗದ ದೋಷಗಳನ್ನು ನಾವು ಎಣಿಸೋಣ. ಆದರೆ ಹೊರಗೆ ನಿಂತವನ ಜಾಗದಲ್ಲಿ ನಿಂತು ಎಣಿಸೋಣ.

ಕೇರಳದ ಉದಾಹರಣೆ ಇನ್ನೂ ತೀವ್ರವಾದದ್ದು. ತಿರುವಾಂಕೂರಿನಲ್ಲಿ 1855ರವರೆಗೆ ಗುಲಾಮಗಿರಿ ಕಾನೂನಿನಲ್ಲೇ ಇತ್ತು. ಪುಲಯ, ಪರಯ ಜನರನ್ನು ಹೊಲದ ಜೊತೆಗೂ ಹೊಲ ಬಿಟ್ಟೂ ಮಾರುತ್ತಿದ್ದರು, ಅಡವಿಡುತ್ತಿದ್ದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಅಲ್ಲಿ ಚರ್ಚ್ ಮಿಷನರಿ ಸೊಸೈಟಿಯವರು ‘ಗುಲಾಮರ ಶಾಲೆ’ ಎಂದೇ ಕರೆಸಿಕೊಂಡ ಗುಡಿಸಲು ಶಾಲೆಗಳನ್ನು ತೆರೆದರು. ಹಗಲು ಗದ್ದೆಯ ಕೆಲಸ, ಪಾಠ ಏನಿದ್ದರೂ ಕತ್ತಲಾದ ಮೇಲೆ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಕೂರುತ್ತಿದ್ದರು. ಪುಸ್ತಕ ಹಿಡಿಯಲು ಬಾರದವರಿಗೆ ಉಳಿದ ದಾರಿ ಬಾಯಿಪಾಠ. ಹೇಳಿಸುವುದು, ಹಾಡಿಸುವುದು, ಮತ್ತೆ ಹೇಳಿಸುವುದು. ನೆನಪೇ ಅವರ ಸ್ಲೇಟು.

ಆ ಮಕ್ಕಳಿಗೆ ಅಲ್ಲಿ ಕೇಳಿಸಿದ ಕಥೆಗಳಾದರೂ ಯಾವುವು? ಅಣ್ಣಂದಿರೇ ಮಾರಿಬಿಟ್ಟ ಯೋಸೇಫನ ಕಥೆ. ಫರೋಹನ ಕೆಳಗೆ ಇಟ್ಟಿಗೆ ಹೊತ್ತ ಇಸ್ರಾಯೇಲರ ಕಥೆ. ಮಾರಾಟವಾಗುತ್ತಿದ್ದವರ ಮಗುವಿಗೆ ಮಾರಾಟವಾದ ಯೋಸೇಫ ಯಾರೋ ದೂರದವನು ಅನ್ನಿಸಿರಲಾರದು. ಅಮೆರಿಕದ ಕರಿಯ ಗುಲಾಮರು ಮೋಶೆಯ ಕಥೆಯನ್ನು ತಮ್ಮ ಬಿಡುಗಡೆಯ ಹಾಡು ಮಾಡಿಕೊಂಡದ್ದು ಹೀಗೆಯೇ. 1871ರಲ್ಲಿ ಫಿಸ್ಕ್ ವಿದ್ಯಾಲಯದ ‘ಜುಬಿಲಿ ಗಾಯಕರು’ ಊರೂರು ಸುತ್ತಿ ಹಾಡಿದ ಮೇಲೆ ಆ ಹಾಡುಗಳು ಪ್ರಪಂಚಕ್ಕೆ ಗೊತ್ತಾದವು. ಕಥೆ ಹೇಳಿದ ಯಜಮಾನನ ಉದ್ದೇಶ ಒಂದಿರಬಹುದು, ಕೇಳಿದ ಗುಲಾಮ ಅದರಿಂದ ತೆಗೆದುಕೊಂಡದ್ದು ಇನ್ನೊಂದು. ಕಲಿಸಿದವರ ಉದ್ದೇಶವನ್ನಷ್ಟೇ ಓದುವ ಚರಿತ್ರೆ ಕಲಿತವರ ಬುದ್ಧಿಯನ್ನು ಅಲ್ಲಗಳೆಯುತ್ತದೆ.

4

ಕಥೆ ಮತ್ತು ಹಾಡು ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇದು ನಮ್ಮ ಕಡೆಯವರಿಗೆ ಹೊಸದಲ್ಲ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯಲ್ಲಿ ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುವುದನ್ನು ಕೇಳಿದವರಿಗೆ ಇದರ ವರಸೆ ಗೊತ್ತಿರುತ್ತದೆ. ಮುಖ್ಯ ಗಾಯಕ ತಂಬೂರಿ ಹಿಡಿದು ಹಾಡುತ್ತಾ ಬರುತ್ತಾನೆ, ಹಿಮ್ಮೇಳ ಸೊಲ್ಲು ಎತ್ತಿಕೊಳ್ಳುತ್ತದೆ. ಮಧ್ಯೆ ಹಾಡು ನಿಂತು ಮಾತು ಶುರುವಾಗುತ್ತದೆ. ಮಾತಿನಲ್ಲಿ ಕಥೆ ಓಡುತ್ತದೆ, ಹಾಡಿನಲ್ಲಿ ನಿಲ್ಲುತ್ತದೆ. ಕಲ್ಯಾಣದ ಬಾಗಿಲಲ್ಲಿ ಮಂಟೇಸ್ವಾಮಿಯನ್ನು ತಡೆದು ನಿಲ್ಲಿಸಿದಂಥ ಘಟ್ಟ ಬಂದಾಗ ಕೇಳುವವರು ಮುಂದೇನಾಯಿತು ಅಂತ ಓಡುವಂತಿಲ್ಲ, ಆ ಅವಮಾನದಲ್ಲಿ ಸ್ವಲ್ಪ ಹೊತ್ತು ಇರಲೇಬೇಕು. ಹಾಡು ಅವರನ್ನು ಅಲ್ಲಿ ಹಿಡಿದು ನಿಲ್ಲಿಸುತ್ತದೆ.

ಸಂಡೇ ಸ್ಕೂಲಿನ ಒಳ್ಳೆಯ ಟೀಚರಮ್ಮಂದಿರು ಮಾಡುತ್ತಿದ್ದದ್ದೂ ಇದನ್ನೇ. ನಮ್ಮ ಕೇರಿಯ ಸಭೆಯಲ್ಲಿ ನಾನು ಮಗುವಾಗಿದ್ದಾಗ ಕಲಿಸುತ್ತಿದ್ದಾಕೆ ವಾರವೆಲ್ಲ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗುತ್ತಿದ್ದರು. ಓದು ಅಷ್ಟಕ್ಕಷ್ಟೆ, ಕೂಡಿಸಿ ಕೂಡಿಸಿ ಓದುತ್ತಿದ್ದರು. ವಿಮೋಚನಕಾಂಡದಲ್ಲಿ ಇಸ್ರಾಯೇಲರಿಗೆ ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆ ಮಾಡಿ ಅಂತ ಫರೋಹ ಅಪ್ಪಣೆ ಮಾಡುವ ಭಾಗ ಇದೆಯಲ್ಲ, ಅದನ್ನು ಅವರು ಹೇಳಬೇಕಾದರೆ ಪುಸ್ತಕ ಮುಚ್ಚಿ ಪಕ್ಕಕ್ಕೆ ಇಡುತ್ತಿದ್ದರು. ಬೈಬಲಿನ ಹುಲ್ಲು ಅವರ ಬಾಯಲ್ಲಿ ಭತ್ತದ ಹೊಟ್ಟಾಗುತ್ತಿತ್ತು. ಫರೋಹನ ಅಧಿಕಾರಿಗಳು ಮೇಸ್ತ್ರಿಗಳಾಗುತ್ತಿದ್ದರು. “ಹೊಟ್ಟು ಕೊಡ್ದೆ ಇಟ್ಗೆ ಕೇಳುದ್ರೆ ಎಲ್ಲಿಂದ ತರಾದು, ಹೇಳ್ರಪ್ಪ ಮಕ್ಕಳಾ?” ಅಂತ ನಮ್ಮನ್ನೇ ಕೇಳುತ್ತಿದ್ದರು. ನಾವು ಉತ್ತರ ಹೇಳುತ್ತಿದ್ದೆವು, ಯಾಕೆಂದರೆ ನಮಗೆ ಗೊತ್ತಿತ್ತು. ನಮ್ಮ ಅಪ್ಪ ಅವ್ವಂದಿರಿಗೆ ಮುಂಗಡ ಕೊಟ್ಟು, ಲೆಕ್ಕ ಮುರಿದು, ಒಡೆದ ಇಟ್ಟಿಗೆ ಕಳೆದು ಕೂಲಿ ಕೊಡುತ್ತಿದ್ದ ಮೇಸ್ತ್ರಿ ನಮಗೆ ಚೆನ್ನಾಗಿ ಪರಿಚಯ. ಆಮೇಲೆ ಸೊಲ್ಲು. ಅದನ್ನು ಅವರೇ ಕಟ್ಟಿಕೊಂಡಿದ್ದರು, ರಾಗಿ ಬೀಸುವ ಪದದ ಧಾಟಿಯಲ್ಲಿ. ಮುಂದಿನ ಭಾನುವಾರ ಆ ಸೊಲ್ಲು ಎತ್ತಿದರೆ ಸಾಕು, ಹಿಂದಿನ ವಾರದ ಇಡೀ ಕಥೆ ಅದರ ಹಿಂದೆ ಎಳೆದುಕೊಂಡು ಬರುತ್ತಿತ್ತು.

ಈ ವಿಧಾನದ ಬಲ ಮೂರು ಬಗೆಯದು. ಒಂದು, ಇದಕ್ಕೆ ಖರ್ಚಿಲ್ಲ. ಪುಸ್ತಕ, ಬೋರ್ಡು, ಚಿತ್ರಪಟ ಯಾವುದೂ ಬೇಡ. ಎರಡು, ಇದರಲ್ಲಿ ಮಗು ಬರೀ ಕೇಳುವವನಲ್ಲ. ಸೊಲ್ಲು ಎತ್ತುವ ಕೆಲಸ ಅವನದು. ಅವನು ಎತ್ತದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಮೂರು, ಇದು ಬದಲಾಗಬಲ್ಲದು. ಅಚ್ಚಾದ ಪಾಠವನ್ನು ಟೀಚರಮ್ಮ ತಿದ್ದುವಂತಿಲ್ಲ. ಬಾಯಲ್ಲಿರುವ ಕಥೆಗೆ ಹೊಟ್ಟೂ ಸೇರುತ್ತದೆ, ಮೇಸ್ತ್ರಿಯೂ ಸೇರುತ್ತಾನೆ. ಹಾನಾ ಮೋರ್ ಬರವಣಿಗೆಯನ್ನು ತಡೆದು ಬಡವರ ಬಾಯಿ ಕಟ್ಟಬಹುದು ಅಂದುಕೊಂಡಿದ್ದಳು. ಬರೆಯಲು ಬಾರದ ಹೆಂಗಸು ಕಥೆಯನ್ನೇ ತಿರುಗಿಸಿ ಕಟ್ಟಬಲ್ಲಳು ಎಂಬುದು ಆಕೆಯ ಲೆಕ್ಕದಲ್ಲಿರಲಿಲ್ಲ.

5

ಇಲ್ಲಿಗೆ ಧಾಟಿಯ ಪ್ರಶ್ನೆ ಬರುತ್ತದೆ. ಮಿಷನರಿಗಳು ಬರೀ ಪಶ್ಚಿಮದ ರಾಗಗಳನ್ನು ಹೇರಿದರು ಎಂಬ ಮಾತು ಪೂರ್ತಿ ನಿಜವಲ್ಲ. ದೇಶೀ ರೂಪಗಳನ್ನು ಹುಡುಕಿದವರೂ ಇದ್ದರು. ಆದರೆ ಯಾರ ದೇಶೀ ಎಂಬುದನ್ನು ನಾವು ಕೇಳಬೇಕು.

ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಫರ್ಡಿನಾಂಡ್ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿದ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ ಮರಾಠಿ ಕೀರ್ತನೆಯ ಮಾದರಿಯಲ್ಲಿ ಯೇಸುವಿನ ಕಥೆ ಹೇಳುವ ಪದ್ಧತಿ ಬೆಳೆಯಿತು. 1895ರಲ್ಲಿ ಕ್ರೈಸ್ತರಾದ ಬ್ರಾಹ್ಮಣ ಕವಿ ನಾರಾಯಣ ವಾಮನ ತಿಲಕರು ಆ ದಾರಿಯಲ್ಲಿ ಬಹಳ ಹಾಡು ಕಟ್ಟಿದರು. ತಮಿಳುನಾಡಿನಲ್ಲಿ ಎಲ್.ಐ. ಸ್ಟೀಫನ್ ಮತ್ತು ಎಚ್.ಎ. ಪಾಪ್ಲಿ 1914ರಲ್ಲಿ ಸಂಗೀತದ ಮೂಲಕ ಸುವಾರ್ತೆ ಸಾರುವ ಬಗ್ಗೆ ಕೈಪಿಡಿಯನ್ನೇ ತಂದರು. ಕಥಾಕಾಲಕ್ಷೇಪ ಮಾಡುವುದು ಹೇಗೆ, ಯಾವ ರಾಗದಲ್ಲಿ ಯಾವ ಕಥೆ, ಹಿಮ್ಮೇಳ ಎಷ್ಟು ಜನ, ಇಂಥದ್ದೆಲ್ಲ ಆಗ ಚರ್ಚೆಗೆ ಬಂದವು.

ಇವರೆಲ್ಲರ ಶ್ರದ್ಧೆ ದೊಡ್ಡದು. ಆದರೆ ದಾಸರ ಪದ, ಷಟ್ಪದಿ, ಕೀರ್ತನೆ, ಕಾಲಕ್ಷೇಪ, ಕರ್ನಾಟಕ ಸಂಗೀತ ಇವು ‘ಭಾರತೀಯ’ ಅನ್ನಿಸಿಕೊಂಡವು. ನೀಲಗಾರರ ತಂಬೂರಿ, ಮಾದಿಗರ ಹಲಗೆ, ಪರಯರ ಪರೈ ಅನ್ನಿಸಿಕೊಳ್ಳಲಿಲ್ಲ. ಇನ್ನೂ ಒಂದು ವಿಚಿತ್ರವಿದೆ. ಮಹಾರಾಷ್ಟ್ರದ ಆ ಮಿಷನ್ನಿನ ಸಭೆಗಳಲ್ಲಿ ಹೆಚ್ಚಿನವರು ಮಹಾರರು, ಆಂಧ್ರದ ಸಭೆಗಳಲ್ಲಿ ಮಾಲ ಮಾದಿಗರು, ನಮ್ಮ ಬೀದರ್ ಕಡೆಯ ಮೆಥಡಿಸ್ಟ್ ಸಭೆಗಳಲ್ಲಿ ಮಾದಿಗರು. ಕೂತು ಹಾಡುವವರು ಇವರು, ಹಾಡಿನ ಮಟ್ಟು ಮಾತ್ರ ಇನ್ನೊಂದು ಬೀದಿಯದು.

ಇದರ ತುತ್ತತುದಿಯ ಉದಾಹರಣೆ ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774–1864). ಮಿಷನರಿ ಶ್ವಾರ್ಟ್ಸನ ಶಿಷ್ಯ, ಸರ್ಫೋಜಿ ಮಹಾರಾಜನ ಸಹಪಾಠಿ, ಮಿಷನ್ ಶಾಲೆಯ ಉಪಾಧ್ಯಾಯ. 1800ರ ‘ಬೆತ್ಲೆಹೇಮ್ ಕುರವಂಜಿ’ಯಲ್ಲಿ ಕೊರವಂಜಿ ನಾಟಕದ ರೂಪವನ್ನು ಕ್ರೈಸ್ತ ವಸ್ತುವಿಗೆ ಒಗ್ಗಿಸಿದವನು. ಮಕ್ಕಳಿಗೂ ದೊಡ್ಡವರಿಗೂ ಕಥೆ ಹಾಡಾಗಿ ಬರುವುದಕ್ಕೆ ಅವನಷ್ಟು ದುಡಿದವರು ಕಡಮೆ. ಇದೇ ಶಾಸ್ತ್ರಿಯಾರ್ ವೆಳ್ಳಾಳ ಜಾತಿಯವನು. ಹೊಸ ಮಿಷನರಿಗಳು ಸಭೆಯಲ್ಲಿ ಜಾತಿಜಾತಿಗೆ ಬೇರೆ ಕೂರುವುದು ಬೇಡ, ಒಂದೇ ಬಟ್ಟಲಿನಿಂದ ಪ್ರಸಾದ ತೆಗೆದುಕೊಳ್ಳಬೇಕು ಅಂದಾಗ ವಿರೋಧ ಮಾಡಿದ. 1829ರಲ್ಲಿ ಜಾತಿ ಆಚಾರವನ್ನು ಸಮರ್ಥಿಸಿ ಬರೆದ. ತಮಿಳು ಹಾಡುಗಳನ್ನು ಬದಲಿಸುವುದರ ವಿರುದ್ಧ ಅವನ ತಕರಾರೂ, ಪರಯರ ಪಕ್ಕದಲ್ಲಿ ಕೂರುವುದರ ವಿರುದ್ಧದ ತಕರಾರೂ ಒಂದೇ ಪಟ್ಟಿಯಲ್ಲಿದ್ದವು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಭೇದ ಸಲ್ಲದೆಂದು ಪತ್ರ ಹೊರಡಿಸಿದಾಗ ಎಷ್ಟೋ ಜನ ಮೇಲ್ಜಾತಿ ಕ್ರೈಸ್ತರು ಸಭೆಯನ್ನೇ ಬಿಟ್ಟು ನಡೆದರು. ದೇಶೀ ಸಂಗೀತವನ್ನು ಉಳಿಸುವುದೂ ಜಾತಿಯನ್ನು ಉಳಿಸುವುದೂ ಒಬ್ಬನೇ ಮನುಷ್ಯನಲ್ಲಿ ಒಂದೇ ಆಗಿಬಿಡಬಹುದು. ಕನ್ನಡದಲ್ಲಿ ದೇಸಿವಾದ ಮಾತಾಡುವ ಗೆಳೆಯರು ಈ ಉದಾಹರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಹಾಗಾದರೆ ತಮಟೆಯನ್ನು ಚರ್ಚಿನೊಳಗೆ ತಂದುಬಿಟ್ಟರೆ ಸಮಸ್ಯೆ ಮುಗಿಯಿತೇ? ಅಷ್ಟು ಸರಳವಲ್ಲ. ತಮಟೆಯನ್ನು ಹೊರಗಿಟ್ಟವರು ಮಿಷನರಿಗಳು ಮಾತ್ರ ಅಲ್ಲ. ಅದು ಮಾರಿಯ ಮುಂದೆ ಬಡಿಯುವ ವಾದ್ಯ ಅಂತ ಅವರು ಬೇಡ ಅಂದರು, ನಿಜ. ನಮ್ಮವರೂ ಬೇಡ ಅಂದರು. ಅವರ ಕಾರಣ ಬೇರೆ. ತಮಟೆ ಅಂದರೆ ಬಿಟ್ಟಿ ಚಾಕರಿ. ಊರಿನಲ್ಲಿ ಹೆಣ ಬಿದ್ದರೆ ಬಡಿಯಬೇಕು, ಗೌಡ ಹೇಳಿದರೆ ಸಾರು ಹಾಕಬೇಕು, ಜಾತ್ರೆಯಲ್ಲಿ ಕುಡಿದು ಕುಣಿಯಬೇಕು. ಆ ಕೋಲು ಎಸೆದು ಬಂದ ತಾತನಿಗೆ ಹಾರ್ಮೋನಿಯಂ ಮುಂದೆ ಕೂತು ಪಶ್ಚಿಮದ ರಾಗದಲ್ಲಿ ಹಾಡುವುದೇ ಬಿಡುಗಡೆ. ಅದನ್ನು ಪರಕೀಯತೆ ಅಂತ ಹೀಗಳೆಯುವುದು ಬೇಡ. ದಲಿತ ಚಳವಳಿಯಲ್ಲಿ ಹೆಣದ ಮುಂದೆ ತಮಟೆ ಬಡಿಯುವುದನ್ನು ನಿಲ್ಲಿಸಿದವರೂ ನಾವೇ, ಮೆರವಣಿಗೆಯ ಮುಂದೆ ತಮಟೆ ಹಿಡಿದವರೂ ನಾವೇ. ವಾದ್ಯ ಒಂದೇ, ಬಡಿಯುವವನ ಮನಸ್ಸು ಬೇರೆ. ಯಾರ ಅಪ್ಪಣೆಯ ಮೇಲೆ ಬಡಿಯುತ್ತೇವೆ ಎಂಬುದು ಮುಖ್ಯ.

6

ಈ ಇಕ್ಕಟ್ಟನ್ನು ಇಬ್ಬರು ತಮ್ಮದೇ ರೀತಿಯಲ್ಲಿ ಎದುರಿಸಿದರು. ಇಬ್ಬರೂ ಕಥೆ ಮತ್ತು ಹಾಡನ್ನೇ ಹಿಡಿದವರು.

ಮೊದಲನೆಯವರು ಪೊಯ್ಕಯಿಲ್ ಯೋಹನ್ನಾನ್ (1879–1939). ಜನ ಪ್ರೀತಿಯಿಂದ ಅಪ್ಪಚ್ಚನ್ ಅಂತ ಕರೆದರು. ಮಧ್ಯ ತಿರುವಾಂಕೂರಿನ ಇರವಿಪೇರೂರಿನಲ್ಲಿ ಗುಲಾಮರಾಗಿದ್ದ ಪರಯ ಮನೆತನದಲ್ಲಿ ಹುಟ್ಟಿದವರು. ಮಾರ್ ತೋಮಾ ಸಭೆಯನ್ನೂ ಆಮೇಲೆ ಬ್ರೆದರನ್ ಪಂಗಡವನ್ನೂ ಸೇರಿ ನೋಡಿದರು. ಎಲ್ಲಿ ಹೋದರೂ ಜಾತಿ ಅವರಿಗಿಂತ ಮೊದಲೇ ಹೋಗಿ ಕೂತಿತ್ತು. ಹೊರಬಂದು 1909ರಲ್ಲಿ ಪ್ರತ್ಯಕ್ಷ ರಕ್ಷಾ ದೈವ ಸಭಾ ಕಟ್ಟಿದರು. ಶಾಲೆ ತೆರೆದರು. 1921ರಲ್ಲೂ 1931ರಲ್ಲೂ ಶ್ರೀಮೂಲಂ ಪ್ರಜಾಸಭೆಗೆ ಸದಸ್ಯರಾದರು.

ಅಪ್ಪಚ್ಚನ್ ಮಾಡಿದ ದೊಡ್ಡ ಕೆಲಸ ಕಥೆಯನ್ನೇ ಬದಲಿಸಿದ್ದು. ಮಿಷನರಿಗಳಿಂದ ಕಲಿತ ವಿಧಾನವನ್ನು ಇಟ್ಟುಕೊಂಡರು. ಕತ್ತಲಾದ ಮೇಲೆ ಕೂಡುವುದು, ಕಥೆ ಹೇಳುವುದು, ಹಾಡುವುದು. ಆದರೆ ಯಾಕೋಬ, ಯೋಸೇಫರ ಜಾಗದಲ್ಲಿ ತಮ್ಮ ಅಜ್ಜ ಅಜ್ಜಿಯರನ್ನು ತಂದು ನಿಲ್ಲಿಸಿದರು. ಮಾರಲ್ಪಟ್ಟ ತಾಯಿ, ಮಾರಲ್ಪಟ್ಟ ತಂದೆ, ಕಾಡಿನಲ್ಲಿ ಉಳಿದುಹೋದ ಮಕ್ಕಳು. ತಮ್ಮ ಕುಲದ ಬಗ್ಗೆ ಬರೆದಿಟ್ಟ ಚರಿತ್ರೆಗಳಲ್ಲಿ ಏನೂ ಇಲ್ಲ ಎಂಬ ಸಂಕಟ ಅವರ ಹಾಡುಗಳ ಕೇಂದ್ರ. ಮೂಲ ಬೈಬಲಿನಲ್ಲಿ ತಮ್ಮವರ ಕಥೆ ಎಲ್ಲಿದೆ ಅಂತ ಕೇಳಿದ ಧೈರ್ಯ ಅವರದು. ಇಂದಿಗೂ ಆ ಸಭೆಯಲ್ಲಿ ಗುಲಾಮಗಿರಿಯ ನೆನಪನ್ನು ಹಾಡಿ, ಹೇಳಿ ಮಕ್ಕಳಿಗೆ ದಾಟಿಸುತ್ತಾರೆ. ದಾಖಲೆ ಇಲ್ಲದ ಜನಕ್ಕೆ ಹಾಡೇ ದಾಖಲೆಯಾಯಿತು.

ಎರಡನೆಯವರು ಮದುರೆಯ ತಮಿಳುನಾಡು ಥಿಯಾಲಾಜಿಕಲ್ ಸೆಮಿನರಿಯಲ್ಲಿ ಕಲಿಸುತ್ತಿದ್ದ ಜೆ. ಥಿಯೊಫಿಲಸ್ ಅಪ್ಪಾವು (1940–2005). ವಿದ್ಯಾರ್ಥಿಗಳು ‘ಪರಟ್ಟೈ ಅಣ್ಣನ್’ ಅನ್ನುತ್ತಿದ್ದರು. ಇವರು ಸಭೆಯಿಂದ ಹೊರಗೆ ಬರಲಿಲ್ಲ, ಒಳಗೇ ನಿಂತು ಧಾಟಿ ಬದಲಿಸಿದರು. ಪಶ್ಚಿಮದ ಹಿಮ್ ಯಜಮಾನರದ್ದು, ಕರ್ನಾಟಕ ಸಂಗೀತದ ಕೀರ್ತನೆ ಮೇಲ್ಜಾತಿಯದ್ದು. ಎರಡನ್ನೂ ಕಲಿಯಬೇಕಾದರೆ ಪುಸ್ತಕ, ವಾದ್ಯ, ಗುರು ಬೇಕು. ಹಳ್ಳಿಯ ಹಾಡು ಹಾಗಲ್ಲ, ಯಾರು ಬೇಕಾದರೂ ಎತ್ತಿಕೊಳ್ಳಬಹುದು, ತಮಗೆ ಬೇಕಾದಂತೆ ಬದಲಿಸಬಹುದು ಎಂಬುದು ಅವರ ವಾದ. ಪರೈಯನ್ನು ಆರಾಧನೆಯೊಳಗೆ ತಂದರು. ಎಲ್ಲರೂ ಒಂದೇ ಒಲೆಯ ಮೇಲೆ ಬೇಯಿಸಿ ಹಂಚಿ ಉಣ್ಣುವುದನ್ನು ತಮ್ಮ ದೇವಶಾಸ್ತ್ರದ ನಡುವೆ ಇಟ್ಟರು. ದೇವರು ಎಲ್ಲಿದ್ದಾನೆ ಅಂದರೆ ಹಂಚಿ ಉಣ್ಣುವ ಕಡೆ. ಇದನ್ನು ಮಗುವಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಅಪ್ಪಾವು ಒಬ್ಬರೇ ನಿಂತು ಮಾಡಿದ್ದಲ್ಲ ಇದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಮೊಳೆಯಿತು. ಅದು ನಡೆದದ್ದು ನಮ್ಮ ನೆಲದ ಮೇಲೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದು ಊರೂರಿನಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಹಾಡುತ್ತಿದ್ದ ವರ್ಷಗಳೇ ಅವು. ಒಂದೇ ರಾಜ್ಯದಲ್ಲಿ, ಅಕ್ಕಪಕ್ಕದಲ್ಲಿ ನಡೆದ ಈ ಎರಡೂ ಕೆಲಸ ಒಂದಕ್ಕೊಂದು ಹೆಚ್ಚು ಮಾತಾಡಿಕೊಳ್ಳಲಿಲ್ಲ.

7

ಯಾಕೆ ಮಾತಾಡಿಕೊಳ್ಳಲಿಲ್ಲ? ಎರಡೂ ಕಡೆ ಕಾರಣಗಳಿವೆ. ಕ್ರೈಸ್ತರಾದ ಮೇಲೂ ಅಸ್ಪೃಶ್ಯ ಅಸ್ಪೃಶ್ಯನಾಗಿಯೇ ಉಳಿದ, ಸಭೆ ಅವನ ಲೌಕಿಕ ಅನ್ಯಾಯದ ವಿರುದ್ಧ ಹೋರಾಡಲಿಲ್ಲ ಎಂದು ಅಂಬೇಡ್ಕರ್ ಖಂಡಿಸಿದ್ದರು. ಆ ಟೀಕೆಗೆ ಸಭೆಗಳು ಪ್ರಾಮಾಣಿಕವಾಗಿ ಉತ್ತರ ಕೊಡಲಿಲ್ಲ. ಇನ್ನೊಂದು ಕಡೆ 1950ರ ಪರಿಶಿಷ್ಟ ಜಾತಿಗಳ ಆದೇಶ. ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯೆಂದು ಎಣಿಸುವಂತಿಲ್ಲ ಎಂದಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನೂ ಮುಸ್ಲಿಮರನ್ನೂ ಸೇರಿಸಲಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಆಯೋಗಕ್ಕೆ ಈ ಪ್ರಶ್ನೆ ಒಪ್ಪಿಸಿತು. ಕಾನೂನಿನ ಈ ಕತ್ತರಿಯಿಂದಾಗಿ ಎಷ್ಟೋ ಮನೆಗಳಲ್ಲಿ ಮಗುವಿಗೆ ಎರಡು ಹೆಸರು. ಶಾಲೆಯ ರಿಜಿಸ್ಟರಿನಲ್ಲಿ ಒಂದು, ಸಭೆಯಲ್ಲಿ ಒಂದು. ಭಾನುವಾರ ಹಾಡಿದ್ದನ್ನು ಸೋಮವಾರ ಬಾಯಿಬಿಡಬಾರದು.

ಇಂಥ ಮಗುವಿಗೆ ನಾವು ಯಾವ ಕಥೆ ಹೇಳುತ್ತೇವೆ? ಸಂಡೇ ಸ್ಕೂಲಿನಲ್ಲಿ ಅದಕ್ಕೆ ಮೋಶೆ ಸಿಗುತ್ತಾನೆ, ಅಂಬೇಡ್ಕರ್ ಸಿಗುವುದಿಲ್ಲ. ಚಳವಳಿಯ ಶಿಬಿರದಲ್ಲಿ ಅಂಬೇಡ್ಕರ್ ಸಿಗುತ್ತಾರೆ, ಅಕ್ಷರ ಕಲಿಸಿದ ಅಜ್ಜಿಯ ಸಭೆ ಸಿಗುವುದಿಲ್ಲ. ಇತ್ತೀಚೆಗೆ ನಾನು ನೋಡಿದ ಸಂಡೇ ಸ್ಕೂಲುಗಳಲ್ಲಿ ಕಥೆ ಹೇಳುವ ಟೀಚರಮ್ಮನ ಜಾಗಕ್ಕೆ ಪ್ರೊಜೆಕ್ಟರ್ ಬಂದಿದೆ. ಆಕ್ಷನ್ ಸಾಂಗಿಗೆ ಎಲ್ಲೋ ದೂರದಲ್ಲಿ ತಯಾರಾದ ಟ್ರ್ಯಾಕ್ ಹಾಕುತ್ತಾರೆ, ಮಕ್ಕಳು ಪರದೆ ನೋಡಿ ಕೈ ಎತ್ತಿ ಇಳಿಸುತ್ತಾರೆ. ಖುಷಿಯಾಗಿಯೇ ಇರುತ್ತಾರೆ, ಸುಳ್ಳು ಹೇಳಲಾರೆ. ಆದರೆ ಆ ಹಾಡಿನಲ್ಲಿ ಭತ್ತದ ಹೊಟ್ಟು ಸೇರಿಸುವುದಕ್ಕೆ ಜಾಗವಿಲ್ಲ. ಸೊಲ್ಲು ಎತ್ತದಿದ್ದರೂ ಟ್ರ್ಯಾಕ್ ಮುಂದೆ ಹೋಗುತ್ತಿರುತ್ತದೆ. ಮಗುವಿನ ಕೈಯಿಂದ ಕಥೆ ಜಾರಿಹೋಗಿದೆ.

ದಲಿತ ವಿಮರ್ಶೆ ಇಲ್ಲಿ ಮಾಡಬೇಕಾದ ಕೆಲಸ ಇದೆ. ಮೊದಲನೆಯದು ಸಂಗ್ರಹ. ನೀಲಗಾರರ ಕಾವ್ಯವನ್ನು ಧ್ವನಿಮುದ್ರಿಸಿಕೊಂಡು ಬಂದ ಹಾಗೆಯೇ ಬೀದರ್, ರಾಯಚೂರು, ತುಮಕೂರು, ಕೋಲಾರ, ಮೈಸೂರು ಕಡೆಯ ಸಭೆಗಳ ಹಳೆಯ ಟೀಚರಮ್ಮಂದಿರ ಬಾಯಲ್ಲಿರುವ ಕಥೆ ಹಾಡುಗಳನ್ನು ಬರೆದಿಟ್ಟುಕೊಳ್ಳಬೇಕು. ಅವರಿಗೆ ವಯಸ್ಸಾಗಿದೆ; ನಮಗೆ ಪುರುಸೊತ್ತು ಸಿಗುವವರೆಗೂ ಅವರು ಕಾಯಲಾರರು. ನನ್ನ ವಿದ್ಯಾರ್ಥಿಗಳಿಗೆ ಜಾನಪದ ಕ್ಷೇತ್ರಕಾರ್ಯ ಅಂದ ಕೂಡಲೇ ಸೋಬಾನೆ, ಕೋಲಾಟದ ಕಡೆ ಓಡುತ್ತಾರೆ. ಕೇರಿಯ ಚರ್ಚಿನ ಚಾಪೆಯೂ ಕ್ಷೇತ್ರವೇ ಅಂತ ನಾನು ಈಗ ಹೇಳುತ್ತಿದ್ದೇನೆ. ಎರಡನೆಯದು ಆಯ್ಕೆ. ಅಂತಸ್ತನ್ನು ದೇವರ ತಲೆಗೆ ಕಟ್ಟುವ ನುಡಿಯನ್ನು 1906ರಲ್ಲಿ ಇಂಗ್ಲೆಂಡಿನವರೇ ಬಿಟ್ಟರು. ನಮ್ಮ ಹಾಡಿನ ಪುಸ್ತಕಗಳಲ್ಲಿ ವಿಧೇಯತೆಯನ್ನು ಮಾತ್ರ ಕಲಿಸುವ ನುಡಿಗಳು ಯಾವುವು, ಬಿಡುಗಡೆ ಕಲಿಸುವವು ಯಾವುವು ಅಂತ ಒಂದೊಂದಾಗಿ ಓದಿ ನೋಡಬೇಕು. ಸಭೆಯವರೂ ಚಳವಳಿಯವರೂ ಒಟ್ಟಿಗೆ ಕೂತು ಓದಿದರೆ ಇನ್ನೂ ಒಳ್ಳೆಯದು.

ಮೂರನೆಯದು ಕಟ್ಟುವುದು. ಧಾರವಾಡದ ಶಾಲೆಯ ಬಾಗಿಲಿನಿಂದ ವಾಪಸು ಬಂದ ಹುಡುಗನ ಕಥೆ ಕನ್ನಡದ ಮಕ್ಕಳಿಗೆ ಹಾಡಾಗಿ ಬರಬೇಕಲ್ಲವೇ? ಮೋಶೆಯ ಪಕ್ಕದಲ್ಲಿ ಅವನೂ ಕೂರಲಿ. ಕಾಗದದ ಮೇಲೆ ಅವನಿಗೆ ಸಿಕ್ಕಿರುವುದು ಸರ್ಕಾರಿ ಕಡತದ ನಾಲ್ಕು ಸಾಲು. ಇನ್ನು ಅವನಿಗೆ ಬೇಕಾಗಿರುವುದು ಒಂದು ಸೊಲ್ಲು, ಅದನ್ನು ಎತ್ತಿಕೊಳ್ಳುವ ಹತ್ತಿಪ್ಪತ್ತು ಮಕ್ಕಳು.